ಕೆರೆಯ ಹೆಸರೊಂದು ಬಿಟ್ಟು ಎಲ್ಲ ಹೇಳ್ತೀನಿ

ಕಳೆದ ವರ್ಷ ಜನವರಿಯ ಒಂದು ಭಾನುವಾರ ರಾತ್ರಿ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಫೋಟೊ ಬಂತು. ಕಣ್ಣು ಹಾಯಿಸಿದಷ್ಟು ದೂರ ಬೆಳ್ಳಗಿನ ಬಯಲು. ಮಧ್ಯೆ ಕೆಂಪು ಜಾಕೆಟ್ ಹಾಕ್ಕೊಂಡು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿರುವ ನಮ್ಮ ಅಣ್ಣ. ಕೈಯಲ್ಲಿ ಮೊಳದುದ್ದದ ಮೀನು. ದೊಡ್ಡಮ್ಮನಿಂದ ತಕ್ಷಣ ವಾಯ್ಸ್ ಮೆಸೇಜ್ ಬಂತು: ‘ಯಾರ ಹೊಲದಾಗ ಕುಂತೀಯೋ? ಅಲ್ಲಿ ಮೀನು ಹೆಂಗ್ ಬಂತು?’ ಅದು ಹೊಲವಲ್ಲ, ಹೆಪ್ಪುಗಟ್ಟಿದ ಕೆರೆ ಎಂದು ನಂಬಿಸಲು ಅರ್ಧ ಗಂಟೆ ಹಿಡಿಯಿತು. ನಂಬಿದ ಮೇಲೆ ಅಸಲಿ ಬೈಗುಳ ಶುರುವಾಯಿತು.

ದೊಡ್ಡಮ್ಮನ ಮಗ ಓದಲು ಹೋಗಿ ಈಗ ಕೆಲಸಕ್ಕೂ ಸೇರಿಕೊಂಡಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಥಂಡರ್ ಬೇ ಎಂಬ ಊರಿನಲ್ಲಿ. ಸುಪೀರಿಯರ್ ಸರೋವರದ ವಾಯವ್ಯ ದಡದ ಊರು. ಕೆನಡಾ ಎಂದ ಕೂಡಲೇ ನಾವೆಲ್ಲ ನೆನೆಸಿಕೊಳ್ಳುವ ಟೊರಾಂಟೊದಿಂದ ರಸ್ತೆಯಲ್ಲಿ ಹತ್ತಿರ ಹತ್ತಿರ 1,400 ಕಿ.ಮೀ. ದೂರ. ಬೆಂಗಳೂರಿನಿಂದ ಭೋಪಾಲ್‌ಗೆ ಹೋದಂತೆ. ಅಲ್ಲಿಂದಾಚೆಗೆ ಉತ್ತರಕ್ಕೆ ಊರುಗಳು ಕಡಿಮೆ, ಕಾಡು ಮತ್ತು ಕೆರೆಗಳೇ ಜಾಸ್ತಿ.

ಆ ಫೋಟೊದಲ್ಲಿರುವ ಕೆರೆಯನ್ನು ಹುಡುಕಿದ್ದು ನಾನು, ದಾವಣಗೆರೆಯ ಹಾಸ್ಟೆಲ್ ರೂಮಿನಲ್ಲಿ ಕೂತು! ಹೇಗೆ ಹುಡುಕಿದೆ ಅಂತ ಕೇಳಿದರೆ ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ. ಯಾವ ಕೆರೆ ಅಂತ ಕೇಳಿದರೆ ಮಾತ್ರ ಹೇಳುವುದಿಲ್ಲ. ಕ್ಲಾಸಿನಲ್ಲಿ ಇದಕ್ಕೆ ‘ಜಂಬದ ಕೋಳಿ’ ಅಂತ ಬಿರುದೂ ಸಿಕ್ಕಿದೆ. ಹಾಗಾಗಿ ಈ ಬರಹ.

ಮೊದಲು ಅಣ್ಣನ ಕಷ್ಟ ಕೇಳಿ. ನಾವಿಬ್ಬರೂ ಚನ್ನಗಿರಿ ಕಡೆಯವರು. ಬೇಸಿಗೆ ರಜೆಯಲ್ಲಿ ಸೂಳೆಕೆರೆಯ ದಡದಲ್ಲಿ ಗಾಳ ಹಾಕಿ, ಎರೆಹುಳು ಖಾಲಿಯಾಗುವವರೆಗೂ ಕೂತು, ಒಂದು ಜಿಲೇಬಿ ಮೀನು ಹಿಡಿದುಕೊಂಡು ಮನೆಗೆ ಬಂದು ಬೈಸಿಕೊಂಡವರು. ಅಣ್ಣನಿಗೆ ಅಲ್ಲಿಯ ಮೊದಲ ಚಳಿಗಾಲ ನರಕವಾಗಿತ್ತು. ಸಂಜೆ ಐದಕ್ಕೇ ಕತ್ತಲು, ಮೈನಸ್ 25 ಡಿಗ್ರಿ, ಕೆಲಸ ಬಿಟ್ಟರೆ ರೂಮು. ಒಂದು ದಿನ ಕೆಲಸದ ಜಾಗದವರು ಯಾರೋ ಐಸ್ ಫಿಶಿಂಗ್‌ಗೆ ಕರೆದುಕೊಂಡು ಹೋದರು. ಐಸ್ ಕೊರೆದು, ಆ ತೂತಿಗೆ ಗಾಳ ಇಳಿಬಿಟ್ಟು ಕೂರುವುದು, ಅಷ್ಟೇ. ಅವತ್ತು ಫೋನಿನಲ್ಲಿ ಅವನ ದನಿಯೇ ಬೇರೆ ಇತ್ತು. ಆದರೆ ಮುಂದಿನ ವಾರ ತಾನೇ ಹೋಗೋಣವೆಂದು ‘ಒಳ್ಳೆಯ ಕೆರೆ ಯಾವುದು?’ ಎಂದು ನಾಲ್ಕು ಜನರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಉತ್ತರದ ಕಡೆ ಹೋಗು, ಬೇಕಾದಷ್ಟಿವೆ.’

ಬೇಕಾದಷ್ಟಿವೆ ನಿಜ. ಒಂಟಾರಿಯೊ ಒಂದರಲ್ಲೇ ಸುಮಾರು 2,50,000 ಕೆರೆಗಳಿವೆ. ಅದೇ ತೊಂದರೆ! ‘ನೀನು ಸಿವಿಲ್ ಇಂಜಿನಿಯರಿಂಗ್ ಅಲ್ವೇನೇ, ಅದೇನೋ ಸ್ಯಾಟಲೈಟ್ ಪಾಠ ಇದೆ ಅಂತಿದ್ದಿ, ಹುಡುಕಿಕೊಡು’ ಎಂದ. ರಿಮೋಟ್ ಸೆನ್ಸಿಂಗ್ ಮತ್ತು ಜಿಐಎಸ್ ನನ್ನ ಎಲೆಕ್ಟಿವ್. ಇಂಟರ್ನಲ್ಸ್‌ಗೆ ಓದುವ ಬದಲು ಇದನ್ನು ಹಿಡಿದುಕೊಂಡೆ.

ಮೊದಲು ಸಿಕ್ಕಿದ್ದು ಅಲ್ಲಿಯ ಸರ್ಕಾರದ ‘ಫಿಶ್ ಆನ್‌ಲೈನ್’ ಎಂಬ ನಕ್ಷೆ. ಕೆರೆಯ ಮೇಲೆ ಕ್ಲಿಕ್ ಮಾಡಿದರೆ ಅದರಲ್ಲಿ ಯಾವ ಮೀನಿದೆ, ಸರ್ಕಾರ ಯಾವ ವರ್ಷ ಯಾವ ಮರಿಗಳನ್ನು ಎಷ್ಟು ಬಿಟ್ಟಿದೆ, ಆ ವಲಯದ ನಿಯಮವೇನು ಎಲ್ಲ ಬರುತ್ತದೆ. ಎಷ್ಟೋ ಕೆರೆಗಳಿಗೆ ಆಳದ ನಕ್ಷೆಯೂ ಇದೆ. ಮರಿ ಬಿಟ್ಟ ಕೆರೆಗಳಲ್ಲಿ ಹೆಚ್ಚಾಗಿ ಬ್ರೂಕ್ ಟ್ರೌಟ್, ಇಲ್ಲವೇ ಬ್ರೂಕ್ ಟ್ರೌಟ್ ಮತ್ತು ಲೇಕ್ ಟ್ರೌಟ್ ಎರಡರ ಮಿಶ್ರತಳಿಯಾದ ಸ್ಪ್ಲೇಕ್. ಎರಡು ಮೂರು ವರ್ಷದ ಹಿಂದೆ ಬಿಟ್ಟ ಮರಿ ಈಗ ತಟ್ಟೆಗೆ ಬರುವಷ್ಟಾಗಿರುತ್ತದೆ. ಹೊಸಬರು ಮೊದಲು ಇಂಥ ಕೆರೆಗೇ ಹೋಗಬೇಕು. ಅವುಗಳನ್ನು ಬಿಟ್ಟಿರುವುದೇ ಹಿಡಿಯಲಿ ಅಂತ. ಇವುಗಳ ಹೆಸರು ಕೇಳಿ, ನಾಳೆಯೇ ಪಟ್ಟಿ ಕಳಿಸುತ್ತೇನೆ. ಅಣ್ಣ ಆ ಮೊದಲ ಚಳಿಗಾಲವೆಲ್ಲ ಇಂಥವಕ್ಕೇ ಹೋದ. ಆಮೇಲೆ ಅವನ ಆಸೆ ಬೆಳೆಯಿತು. ಯಾರೂ ಬಿಡದ, ತಾನಾಗಿ ಇರುವ ಲೇಕ್ ಟ್ರೌಟ್ ಬೇಕಂತೆ.

ಲೇಕ್ ಟ್ರೌಟ್‌ಗೆ ತಣ್ಣಗಿನ, ಆಮ್ಲಜನಕ ಚೆನ್ನಾಗಿರುವ, ಆಳದ ನೀರೇ ಆಗಬೇಕು. ಇಲ್ಲಿ ಪಿಯುಸಿ ಫಿಸಿಕ್ಸ್ ಕೆಲಸಕ್ಕೆ ಬಂತು. ನೀರು ಅತಿ ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೇ ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ, ತಳದಲ್ಲಿ 4 ಡಿಗ್ರಿ ಆಸುಪಾಸಿನ ನೀರು ಉಳಿಯುತ್ತದೆ, ಮೀನು ಬದುಕುತ್ತದೆ. ಆದರೆ ಆಳವಿಲ್ಲದ, ಜೊಂಡು ತುಂಬಿದ ಕೆರೆಗೆ ಇದೊಂದೇ ಸಾಲದು. ಐಸ್ ಮೇಲೆ ದಪ್ಪಗೆ ಹಿಮ ಕೂತರೆ ಒಳಗೆ ಬೆಳಕು ಹೋಗುವುದಿಲ್ಲ, ಗಿಡಗಳು ಆಮ್ಲಜನಕ ಕೊಡುವುದಿಲ್ಲ, ಕೊಳೆಯುವ ಕಸ ಇದ್ದಬದ್ದದ್ದನ್ನೂ ತಿಂದು ಮುಗಿಸುತ್ತದೆ. ವಸಂತದಲ್ಲಿ ಐಸ್ ಕರಗಿದಾಗ ಸತ್ತ ಮೀನು ತೇಲುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು. ಅಲ್ಲಿ ಬಿಸಿಲು ಮತ್ತು ಚರಂಡಿ ನೀರು, ಇಲ್ಲಿ ಚಳಿ ಮತ್ತು ಹಿಮ. ಉಸಿರು ಕಟ್ಟುವುದು ಮಾತ್ರ ಎರಡೂ ಕಡೆ ಒಂದೇ ಥರ.

ಹಾಗಾದರೆ ಆಳದ ನಕ್ಷೆ ಇಲ್ಲದ ಕೆರೆಯ ಆಳವನ್ನು ದಾವಣಗೆರೆಯಿಂದ ಅಳೆಯುವುದು ಹೇಗೆ? ನನಗೆ ಹೊಳೆದ ಉಪಾಯದ ಬಗ್ಗೆ ಈಗಲೂ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಪುಕ್ಕಟೆ. 10 ಮೀಟರ್ ರೆಸಲ್ಯೂಷನ್, ಐದು ದಿನಕ್ಕೊಮ್ಮೆ ಹೊಸ ಚಿತ್ರ. ಆಳದ ಕೆರೆಯಲ್ಲಿ ಶಾಖ ಹೆಚ್ಚು ಕೂಡಿಟ್ಟಿರುತ್ತದೆ, ಅದಕ್ಕೇ ತಡವಾಗಿ ಹೆಪ್ಪುಗಟ್ಟುತ್ತದೆ. ಅಂದರೆ ನವೆಂಬರ್ ಕೊನೆ, ಡಿಸೆಂಬರ್ ಮೊದಲಿನ ಚಿತ್ರದಲ್ಲಿ ಅಕ್ಕಪಕ್ಕದ ಅಷ್ಟೇ ದೊಡ್ಡ ಕೆರೆಗಳೆಲ್ಲ ಬೆಳ್ಳಗಾಗಿದ್ದು, ಒಂದು ಮಾತ್ರ ಇನ್ನೂ ಕಪ್ಪಗೆ ಕಂಡರೆ ಅದು ಆಳದ ಕೆರೆ ಇರಬೇಕು. ಆ ಕಾಲದಲ್ಲಿ ಮೋಡ ಜಾಸ್ತಿ. ಹಿಂದಿನ ನಾಲ್ಕು ವರ್ಷದ ಚಿತ್ರ ಜಾಲಾಡಿ, ಮೋಡವಿಲ್ಲದ ಬೆರಳೆಣಿಕೆಯ ದಿನಗಳಲ್ಲಿ ಮೂರು ಕಪ್ಪು ಚುಕ್ಕೆ ಹಿಡಿದೆ.

ಮೊದಲನೆಯದಕ್ಕೆ ಅಣ್ಣ ತಲುಪಲೇ ಇಲ್ಲ. ನಕ್ಷೆಯಲ್ಲಿದ್ದ ರಸ್ತೆ ಮರ ಸಾಗಿಸುವವರದು, ಚಳಿಗಾಲದಲ್ಲಿ ಅದರ ಹಿಮ ಯಾರೂ ತೆಗೆಯುವುದಿಲ್ಲ. ಕಾರು ಹೆದ್ದಾರಿಯಲ್ಲೇ ನಿಂತಿತು. ಎರಡನೆಯದಕ್ಕೆ ತಲುಪಿದ, ಎಂಟು ತೂತು ಕೊರೆದ, ಬರಿಗೈಯಲ್ಲಿ ವಾಪಸ್ ಬಂದ. ಕೊರೆಯುವುದು ಎಂದರೆ ಸುಲಭ ಅಂದುಕೊಳ್ಳಬೇಡಿ. ನಮ್ಮ ಸಾಯಿಲ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ಮಣ್ಣು ಕೊರೆಯುವ ಆಗರ್ ಇರುತ್ತದಲ್ಲ, ಅದರ ಅಣ್ಣನಂಥದ್ದನ್ನು ಕೈಯಲ್ಲಿ ತಿರುಗಿಸಿ ಅರ್ಧ ಮೀಟರ್ ಐಸ್ ಇಳಿಸಬೇಕು. ಎಂಟು ಸಲ.

ಮೂರನೆಯದೇ ಫೋಟೊದ ಕೆರೆ. ಹೆದ್ದಾರಿಯಿಂದ ಎರಡು ಕಿ.ಮೀ. ಕಾಲ್ನಡಿಗೆ, ಸುಮಾರು 100 ಹೆಕ್ಟೇರ್. ಕೆರೆಗೆ ಹಳ್ಳ ಬಂದು ಸೇರುವ ಮೂಲೆಯಲ್ಲಿ ನಾನು ಪಿನ್ ಇಟ್ಟಿದ್ದೆ. ಹೊಸ ನೀರು, ಒಳ್ಳೆಯ ಆಮ್ಲಜನಕ, ಮೀನು ಅಲ್ಲೇ ಸೇರುತ್ತವೆ ಎನ್ನುವುದು ನನ್ನ ಲೆಕ್ಕ. ಅಣ್ಣನ ಮನೆ ಮಾಲೀಕರು ಎಪ್ಪತ್ತು ದಾಟಿದವರು. ಹೊರಡುವಾಗ ಅವರು ಒಂದು ಕಬ್ಬಿಣದ ಹಾರೆ ಕೊಟ್ಟು, ಪ್ರತಿ ನಾಲ್ಕು ಹೆಜ್ಜೆಗೊಮ್ಮೆ ಮುಂದೆ ಕುಟ್ಟಿ ನೋಡಿಯೇ ಕಾಲಿಡು ಎಂದಿದ್ದರಂತೆ. ನನ್ನ ಪಿನ್‌ಗೆ ಇಪ್ಪತ್ತು ಮಾರು ಇರುವಾಗ ಹಾರೆ ಎರಡನೇ ಏಟಿಗೇ ನೀರಿಗೆ ಇಳಿಯಿತು. ಅಣ್ಣ ಬಂದ ಹೆಜ್ಜೆ ಗುರುತಿನಲ್ಲೇ ಹಿಂದೆ ಸರಿದು, ಸುತ್ತು ಹಾಕಿ, ನಡುಗೆರೆಗೆ ಹೋಗಿ ಗಾಳ ಹಾಕಿದ. ಅಲ್ಲಿ ಒಂದು ಅಡಿಗಿಂತ ದಪ್ಪ ಐಸ್ ಇತ್ತು. ಮೀನೂ ಸಿಕ್ಕಿತು.

ಇದನ್ನು ಅವನು ಫೋನಿನಲ್ಲಿ ನಗುನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ಹರಿಯುವ ನೀರಿನ ಮೇಲೆ ಐಸ್ ತೆಳ್ಳಗಿರುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಡೆಯಲು ಕನಿಷ್ಠ 10 ಸೆಂ.ಮೀ. ಗಟ್ಟಿ ತಿಳಿ ಐಸ್ ಬೇಕು, ಬಿಳಿ ಐಸ್‌ಗೆ ಅದರ ಅರ್ಧ ಶಕ್ತಿ ಮಾತ್ರ, ಅಂದರೆ ದುಪ್ಪಟ್ಟು ದಪ್ಪ ಇರಬೇಕು ಎಂದು ಅವನಿಗೆ ಪಾಠ ಮಾಡಿದವಳೇ ನಾನು. ಸ್ಟೆಫಾನ್-ಬೋಲ್ಟ್ಜ್‌ಮನ್ ನಿಯಮ ಉರು ಹೊಡೆದಿದ್ದೇವಲ್ಲ, ಅದೇ ಜೋಸೆಫ್ ಸ್ಟೆಫಾನ್ 19ನೇ ಶತಮಾನದ ಕೊನೆಯಲ್ಲಿ ಐಸ್ ಬೆಳೆಯುವ ಲೆಕ್ಕವನ್ನೂ ಕೊಟ್ಟಿದ್ದಾನೆ: ದಪ್ಪ ಎರಡರಷ್ಟಾಗಲು ಚಳಿ ನಾಲ್ಕರಷ್ಟು ಬೇಕು. ಅದನ್ನೂ ಹಾಕಿ ನೋಡಿದ್ದೆ. ಆದರೆ ಆ ಸೂತ್ರಕ್ಕೆ ಹಳ್ಳ ಗೊತ್ತಿಲ್ಲ. ಇನ್ನೊಂದು ಸಂಗತಿ ಆ ರಾತ್ರಿ ಹೊಳೆಯಿತು. ತಡವಾಗಿ ಹೆಪ್ಪುಗಟ್ಟುವ ಕೆರೆ ಎಂದರೆ ಅಕ್ಕಪಕ್ಕದವಕ್ಕಿಂತ ಐಸ್ ತೆಳ್ಳಗಿರುವ ಕೆರೆ. ನಾನು ‘ಆಳ’ ಎಂದು ಓದಿಕೊಂಡ ಆ ಕಪ್ಪು ಚುಕ್ಕೆಯೇ ‘ಜೋಪಾನ’ ಎಂದೂ ಹೇಳುತ್ತಿತ್ತು.

ಇಷ್ಟಾದ ಮೇಲೂ ನಾನು ಮಾಡಿದ್ದೇನು ಗೊತ್ತಾ? ಫೋಟೊ ಬಂದ ಮೂರನೇ ದಿನ ರೀಲ್ ಮಾಡಿದೆ. ‘ದಾವಣಗೆರೆಯಿಂದ ಕೆನಡಾದ ಕೆರೆ ಹುಡುಕಿದೆ’ ಅಂತ. ಉಪಗ್ರಹದ ಚಿತ್ರ, ನಕ್ಷೆ, ಕೊನೆಗೆ ಮೀನಿನ ಫೋಟೊ. ನಕ್ಷೆಯಲ್ಲಿ ಕೆರೆಯ ಹೆಸರು, ನನ್ನ ಹಳೆಯ ಪಿನ್ ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು. ನನ್ನ ರೀಲ್‌ಗಳಿಗೆ ಮುನ್ನೂರು ವ್ಯೂಸ್ ಬಂದರೆ ಹಬ್ಬ. ಇದಕ್ಕೆ ನಲವತ್ತು ಸಾವಿರ ಬಂತು. ಯಾರೋ ಅದನ್ನು ಥಂಡರ್ ಬೇಯಲ್ಲಿರುವ ಭಾರತದ ವಿದ್ಯಾರ್ಥಿಗಳ ಗ್ರೂಪಿಗೂ ಹಾಕಿದರು. ನಾನು ಕಾಲೇಜಿನಲ್ಲಿ ಕಾಲರ್ ಎತ್ತಿಕೊಂಡು ಓಡಾಡಿದೆ.

ಮೂರನೇ ಶನಿವಾರ ಅಣ್ಣ ಆ ಕೆರೆಗೆ ಹೋದಾಗ ಹದಿನೈದು ಟೆಂಟ್ ಇದ್ದವು. ಬಿಯರ್ ಡಬ್ಬಿ, ಹಿಡಿದು ಬಿಸಾಕಿದ ಗೇಣುದ್ದದ ಮೀನುಗಳು. ಅದೇ ದಿನ, ಇವನ ಕಣ್ಣೆದುರೇ, ಮೊಬೈಲ್ ಹಿಡಿದುಕೊಂಡು ಪಿನ್ ಕಡೆಗೇ ನಡೆಯುತ್ತಿದ್ದ ಒಬ್ಬ ಹುಡುಗನ ಕಾಲು ಹಳ್ಳದ ಮೂಲೆಯಲ್ಲಿ ತೊಡೆಯವರೆಗೆ ಒಳಗೆ ಹೋಯಿತು. ಜೊತೆಗಾರರು ಎಳೆದುಕೊಂಡರು. ಮೈನಸ್ 20ರಲ್ಲಿ ಒದ್ದೆ ಕಾಲಿನಲ್ಲಿ ಎರಡು ಕಿ.ಮೀ. ನಡೆದು ಕಾರು ಸೇರಿದ. ಉಳಿದುಕೊಂಡ, ಬೆರಳುಗಳೂ ಉಳಿದವು. ಅವನು ವಿಜಯವಾಡದವನಂತೆ, ಬಂದು ಮೂರು ತಿಂಗಳಾಗಿತ್ತಷ್ಟೇ. ಅಣ್ಣ ಆ ರಾತ್ರಿ ನನಗೆ ಬೈಯಲಿಲ್ಲ. ‘ಅದನ್ನ ತೆಗೀ’ ಎಂದಷ್ಟೇ ಹೇಳಿ ಫೋನ್ ಇಟ್ಟ. ರೀಲ್ ತೆಗೆದೆ. ಬೇರೆಯವರ ಫೋನಿನಲ್ಲಿ ಉಳಿದದ್ದನ್ನು ಹೇಗೆ ತೆಗೆಯಲಿ?

ಮನೆ ಮಾಲೀಕರಿಗೆ ಆ ಕೆರೆ ಮೊದಲೇ ಗೊತ್ತಿತ್ತು ಎನ್ನುವುದು ಆಮೇಲೆ ತಿಳಿಯಿತು. ಹತ್ತಿರ ಹತ್ತಿರ ನಲವತ್ತು ವರ್ಷದಿಂದ ಚಳಿಗಾಲಕ್ಕೆ ಎರಡು ಸಲ ಹೋಗಿ ಬರುತ್ತಿದ್ದರಂತೆ. ನಾನು ಏನನ್ನೂ ‘ಕಂಡುಹಿಡಿದಿರಲಿಲ್ಲ’. ಅವರಿಗಿಂತ ಮೊದಲು ಗೊತ್ತಿದ್ದವರೂ ಇದ್ದಾರೆ. ಆ ಸೀಮೆಯ ಮೂಲ ನಿವಾಸಿಗಳಾದ ಅನಿಶಿನಾಬೆ ಜನ 1850ರ ರಾಬಿನ್ಸನ್-ಸುಪೀರಿಯರ್ ಒಪ್ಪಂದದಲ್ಲಿ ಬೇಟೆ ಮತ್ತು ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡವರು. ನಮಗೆ ವೀಕೆಂಡ್ ಆಗಿರುವ ಕೆರೆ ಯಾರದೋ ಅಡುಗೆಮನೆಯೂ ಆಗಿರಬಹುದು.

ಹದಿನೈದು ಟೆಂಟ್ ಅಂಥ ದೊಡ್ಡ ವಿಷಯವೇ ಎಂದು ನನ್ನ ರೂಮ್‌ಮೇಟ್ ಕೇಳಿದಳು. ನಮ್ಮ ಕೆರೆಯ ಕಾಟ್ಲಾ ವರ್ಷ ಒಂದೂವರೆ ವರ್ಷದಲ್ಲಿ ಕೆ.ಜಿ. ತೂಗುತ್ತದೆ. ಆ ತಣ್ಣೀರಿನ ಲೇಕ್ ಟ್ರೌಟ್ ಹಾಗಲ್ಲ. ಬೆಳೆಯುವುದು ನಿಧಾನ, ಮರಿ ಹಾಕುವ ವಯಸ್ಸಿಗೆ ಬರಲು ಎಷ್ಟೋ ವರ್ಷ ಬೇಕು. ಎರಡು ಕೆ.ಜಿ.ಯ ಮೀನಿಗೆ ಹತ್ತು ವರ್ಷ ದಾಟಿರಬಹುದು. ಕೆನಡಾದ ಮೀನು ವಿಜ್ಞಾನಿಗಳು ಬಹಳ ಕಾಲದಿಂದ ಬಳಸುವ ಒಂದು ಅಂದಾಜಿದೆ: ಲೇಕ್ ಟ್ರೌಟ್ ಕೆರೆಯಿಂದ ಹೆಕ್ಟೇರಿಗೆ ವರ್ಷಕ್ಕೆ ಅರ್ಧ ಕೆ.ಜಿ.ಗಿಂತ ಹೆಚ್ಚು ತೆಗೆದರೆ ಸಂತತಿ ಕುಸಿಯುತ್ತದೆ. ನಮ್ಮ ಕೆರೆ 100 ಹೆಕ್ಟೇರ್. ಅಂದರೆ ವರ್ಷಕ್ಕೆ 50 ಕೆ.ಜಿ., ಎರಡು ಕೆ.ಜಿ.ಯ 25 ಮೀನು. ಹದಿನೈದು ಟೆಂಟಿನವರು ತಲಾ ಎರಡು ಹಿಡಿದರೆ ಒಂದೇ ಶನಿವಾರಕ್ಕೆ ವರ್ಷದ ಲೆಕ್ಕ ಮುಗಿದು ಮೇಲೆ ಐದು ಸಾಲ. ಒಂಟಾರಿಯೊದ ಕೆರೆಗಳಲ್ಲಿ ಲೇಕ್ ಟ್ರೌಟ್ ಇರುವುದು ನೂರಕ್ಕೆ ಒಂದರಲ್ಲಿ ಮಾತ್ರ ಎನ್ನುವುದನ್ನೂ ಇದರ ಜೊತೆಗಿಟ್ಟು ನೋಡಿ.

ರೂಮ್‌ಮೇಟ್ ಬಿಡಲಿಲ್ಲ. ‘ಅಂದ್ರೆ ಹಳಬರು ಮುಚ್ಚಿಟ್ಟಿದ್ದೇ ಸರಿ ಅಂತೀಯಾ? ನಿಮ್ಮಣ್ಣನಿಗೂ ಯಾರೂ ಹೇಳಿರಲಿಲ್ಲ ಅಂತ ನೀನೇ ಅತ್ತಿದ್ದೆ’ ಎಂದಳು. ಇದಕ್ಕೆ ನನ್ನ ಹತ್ತಿರ ಥಟ್ಟನೆ ಉತ್ತರ ಇರಲಿಲ್ಲ. ಪ್ಲೇಸ್‌ಮೆಂಟ್‌ನಲ್ಲಿ ಏನು ಕೇಳಿದರು ಎಂದರೆ ‘ಬೇಸಿಕ್ಸ್ ಓದ್ಕೊಳ್ರಿ’ ಎಂದು ಜಾರಿಕೊಳ್ಳುವ ಸೀನಿಯರ್‌ಗಳನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ‘ಉತ್ತರದ ಕಡೆ ಹೋಗು’ ಎಂದವರೂ ಅದೇ ಜಾತಿ. ಗುಟ್ಟು ಉಳಿದರೆ ಲಾಭ ಯಾವಾಗಲೂ ಮೊದಲೇ ಒಳಗಿದ್ದವರಿಗೆ. ಪರದೇಶದಿಂದ ಬಂದ ಹುಡುಗನಿಗೆ ಅಪ್ಪ ತೋರಿಸಿದ ಕೆರೆ ಇರುವುದಿಲ್ಲ, ಸರ್ಕಾರದ ನಕ್ಷೆಯೇ ಅವನ ಅಪ್ಪ. ಆದ್ದರಿಂದ ಮಾಹಿತಿ ತೆರೆದೇ ಇರಬೇಕು, ಮೀನು, ಆಳ, ನಿಯಮ ಎಲ್ಲವೂ. ಹುಡುಕುವ ದಾರಿಯನ್ನೂ ಕೇಳಿದವರಿಗೆಲ್ಲ ಹೇಳಬೇಕು, ಮೇಲೆ ಹೇಳಿದ್ದೇನೆ ಕೂಡ.

ಪಿನ್ ಬೇರೆ. ದಾರಿ ಕಲಿತು ಹುಡುಕಿದವರು ಆಳ ಯಾಕೆ ಬೇಕು, ಹಳ್ಳದ ಬಾಯಿ ಯಾಕೆ ಅಪಾಯ, ಯಾವ ಮೀನನ್ನು ವಾಪಸ್ ಬಿಡಬೇಕು ಎನ್ನುವುದನ್ನೆಲ್ಲ ದಾಟಿಕೊಂಡೇ ಕೆರೆಗೆ ಬರುತ್ತಾರೆ. ಹಾಗೆ ಬರುವವರು ಕಡಿಮೆ, ಬೇರೆ ಬೇರೆ ಕೆರೆಗೆ ಚದುರುತ್ತಾರೆ. ಪಿನ್ ಹಿಡಿದು ಬರುವವರೆಲ್ಲ ಒಂದೇ ಕಡೆಗೆ, ಏನನ್ನೂ ತಿಳಿಯದೆ, ಒಂದೇ ವಾರ ಬರುತ್ತಾರೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನಿಂತ ವಿಡಿಯೊ ನೀವೂ ಫಾರ್ವರ್ಡ್ ಮಾಡಿರುತ್ತೀರಿ. ಗುಡ್ಡವಾದರೆ ಮಳೆಗಾಲ ಕಳೆದ ಮೇಲೆ ಮತ್ತೆ ಹಸಿರಾದೀತು. ಹತ್ತು ವರ್ಷದ ಮೀನು ಮತ್ತೆ ಹತ್ತು ವರ್ಷ ಕೇಳುತ್ತದೆ.

ಸೋಮಾರಿಗಳಿಗೆ ಸಿಗಬಾರದು ಎನ್ನುವ ಹೊಟ್ಟೆಕಿಚ್ಚು ಇದರಲ್ಲಿ ಇಲ್ಲವೇ ಅಂದರೆ, ಸ್ವಲ್ಪ ಇದೆ. ಆ ನಾಲ್ಕು ವರ್ಷದ ಮೋಡಗಳನ್ನು ನೋಡಿದ ಕಣ್ಣು ನನ್ನವು!

ಈ ಚಳಿಗಾಲದಲ್ಲಿ ಅಣ್ಣ ಆ ಕೆರೆಗೆ ಹೋಗಲಿಲ್ಲ. ಹಾರೆಯನ್ನು ಮಾತ್ರ ಮಾಲೀಕರು ಅವನ ಹತ್ತಿರವೇ ಬಿಟ್ಟಿದ್ದಾರೆ. ಅವನು ಶನಿವಾರಗಳಲ್ಲಿ ಹೊಸ ಹುಡುಗರನ್ನು ಮರಿ ಬಿಟ್ಟ ಕೆರೆಗೆ ಕರೆದುಕೊಂಡು ಹೋಗಿ, ಮೊದಲ ಒಂದು ಗಂಟೆ ಗಾಳ ಮುಟ್ಟಲು ಬಿಡದೆ ಐಸ್ ಕುಟ್ಟಿಸುತ್ತಾನಂತೆ.

ಡಿಸೆಂಬರ್‌ನಲ್ಲಿ ನನಗೆ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಮೆಸೇಜ್ ಬಂತು. ಹುಬ್ಬಳ್ಳಿಯ ಹುಡುಗ, ಅಲ್ಲಿಯೇ ಓದುತ್ತಿದ್ದಾನೆ. ‘ಅಕ್ಕಾ, ಆ ಕೆರಿ ಹೆಸರು ಹೇಳ್ರಿ’ ಎಂದ. ಹೆಸರು ಹೇಳಲಿಲ್ಲ. ಮರಿ ಬಿಟ್ಟ ನಾಲ್ಕು ಕೆರೆಯ ಪಟ್ಟಿ, ಸರ್ಕಾರಿ ನಕ್ಷೆ ಓದುವ ಬಗೆ, ಕಪ್ಪು ಚುಕ್ಕೆಯ ಉಪಾಯ, ಅದರ ಅಪಾಯ, ಹಳ್ಳದ ಬಾಯಿಯ ಕಥೆ, ಅಣ್ಣನ ನಂಬರು ಎಲ್ಲ ಕಳಿಸಿದೆ. ‘ಸೀನ್’ ಅಂತ ಬಂತು, ಉತ್ತರ ಬರಲಿಲ್ಲ. ಸಿಟ್ಟಾಗಿರಬೇಕು ಎಂದುಕೊಂಡು ಸುಮ್ಮನಾದೆ.

ಆರು ವಾರದ ಮೇಲೆ ಒಂದು ಫೋಟೊ ಕಳಿಸಿದ. ಐಸ್ ಮೇಲೆ ಮಲಗಿಸಿದ ಮೀನು, ಪಕ್ಕದಲ್ಲಿ ಉದ್ದ ಅಳೆಯಲು ಒಂದು ಹಾರೆ. ಮೀನನ್ನು ವಾಪಸ್ ಬಿಟ್ಟೆ ಎಂದೂ ಬರೆದಿದ್ದ. ‘ಭಾರಿ ಇದೆ, ಯಾವ ಕೆರೆ?’ ಎಂದು ಕೇಳಿದೆ.

‘ಉತ್ತರದ ಕಡೆ ರೀ ಅಕ್ಕಾ’ ಎಂದ.